ಸುತ್ತು ಹಾಕುವ ಸಣ್ಣ ವಿಮಾನ ದಾರಿ ತಪ್ಪಿದೆಯಾ?

‘ಸೋಗಾನೆ (ಶಿವಮೊಗ್ಗ ವಿಮಾನ ನಿಲ್ದಾಣ ಇರುವ ಊರು) ಮೇಲೆ ಸಣ್ಣ ವಿಮಾನ ಸುತ್ತು ಹಾಕ್ತಿದ್ರೆ ಪೈಲಟ್ ದಾರಿ ತಪ್ಪಿದ್ದಾರೆ, ಅವರೆಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲ್ಲ’ ಅನ್ನೋ ಮೆಸೇಜ್ ಶಿವಮೊಗ್ಗದ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಹಾಗೇನಿಲ್ಲ.

ಒಂದೂರಿಂದ ಇನ್ನೊಂದೂರಿಗೆ ಹಾರಬೇಕಾದರೆ ಸಣ್ಣ ವಿಮಾನದವರೂ ಮೊದಲೇ ಫ್ಲೈಟ್ ಪ್ಲಾನ್, ಅಂದರೆ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಅನ್ನೋ ವಿವರ ಕೊಡಬೇಕು, ಆಮೇಲೆ ನಿಯಂತ್ರಿತ ವಾಯುಪ್ರದೇಶ (ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್‌ಗಳ ಕೈಯಲ್ಲಿರುವ ಆಕಾಶದ ಭಾಗ) ಹತ್ತಿರವಾದಾಗ ರೇಡಿಯೋದಲ್ಲಿ ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ಒಳಗೆ ಬರಬೇಕು. ರಾಡಾರ್‌ನಲ್ಲಿ ಗುರುತಿಸಲು ಕಂಟ್ರೋಲರ್ ನಾಲ್ಕಂಕಿಯ ಕೋಡ್ ಕೊಡುತ್ತಾರೆ, ಪೈಲಟ್ ಅದನ್ನು ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಆ ಕೋಡ್ ಕಳಿಸುವ ವಿಮಾನದೊಳಗಿನ ಉಪಕರಣ) ಹಾಕುತ್ತಾರೆ. ಅದರಲ್ಲಿ 0ಯಿಂದ 7ರವರೆಗಿನ ಅಂಕಿ ಮಾತ್ರ, 8 ಮತ್ತು 9 ಇಲ್ಲವೇ ಇಲ್ಲ! ರೇಡಿಯೋ ಕೆಟ್ಟರೆ 7600, ನಿಜಕ್ಕೂ ತುರ್ತು ಬಂದರೆ 7700.

ಇನ್ನು ಆ ಸುತ್ತು. ಎಷ್ಟೋ ಸಲ ದೊಡ್ಡ ವಿಮಾನ ಇಳಿಯುತ್ತಿರುತ್ತದೆ, ಇವರಿಗೆ ಕಾಯಲು ಹೇಳಿರುತ್ತಾರೆ. ಬಸ್ಸಿನ ಹಾಗೆ ಪಕ್ಕಕ್ಕೆ ನಿಲ್ಲಿಸೋಕೆ ಆಗಲ್ಲ ಅಲ್ವಾ, ಸುತ್ತಲೇಬೇಕು.