ಎಕ್ಸ್‌ರೇ ಸರಿಯಿದೆ ಎಂದರೆ ಕ್ಷಯವಿಲ್ಲ ಎಂದಲ್ಲ

ಇಂಗ್ಲೆಂಡಿಗೆ ಓದಲು ಬಂದಿರುವ ಹಾಸನದ ಕಡೆಯ ಹುಡುಗನೊಬ್ಬ ಕಳೆದ ವರ್ಷ ಯುಗಾದಿ ಊಟಕ್ಕೆ ನಮ್ಮ ಮನೆಗೆ ಬಂದಾಗ, ಅವನ ಕತ್ತಿನ ಬಲಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ನನ್ನ ಕಣ್ಣಿಗೆ ಬಿತ್ತು. ನೋವಿರಲಿಲ್ಲ, ಕೆಮ್ಮಿರಲಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಬೆವರುತ್ತದೆ ಎಂದಷ್ಟೇ ಹೇಳಿದ. ಅವನು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಿದ್ದರು. ಮೂರನೆಯ ಸಲ ಆಸ್ಪತ್ರೆಗೆ ಬರೆದುಕೊಟ್ಟ ಮೇಲೆ, ಗಂಟಿಗೆ ಸೂಜಿ ಚುಚ್ಚಿ ತೆಗೆದ ಮಾದರಿಯಿಂದ ಅದು ದುಗ್ಧಗ್ರಂಥಿಯ ಕ್ಷಯವೆಂದು ಗೊತ್ತಾಯಿತು. ಆ ದಿನ ಫೋನ್ ಮಾಡಿದವನು ಕಾಯಿಲೆಯ ಹೆಸರು ಹೇಳುವುದಕ್ಕೂ ಮೊದಲು ಹೇಳಿದ್ದು ಇದು: "ಅಕ್ಕಾ, ಊರಲ್ಲಿ ಮಾತ್ರ ಯಾರಿಗೂ ಗೊತ್ತಾಗಬಾರದು. ವೀಸಾಕ್ಕೆ ಬೆಂಗಳೂರಲ್ಲಿ ಎಕ್ಸ್‌ರೇ ತೆಗೆಸಿದ್ದೆ, ಎಲ್ಲ ಸರಿಯಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ರು. ಇಲ್ಲಿಗೆ ಬಂದಮೇಲೆ ನಂಗೆ ಹೇಗೆ ಬಂತು?"

ಹೊರದೇಶದಲ್ಲಿರುವ ನಮ್ಮವರಲ್ಲಿ ಬಹಳಷ್ಟು ಮಂದಿಗೆ ಈ ಪ್ರಶ್ನೆಯ ಉತ್ತರ ತಿಳಿದಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿರಲು ಹೊರಟ ಭಾರತೀಯರು ವೀಸಾಕ್ಕೆ ಮುಂಚೆ ಎದೆಯ ಎಕ್ಸ್‌ರೇ ತೆಗೆಸಬೇಕು. ಅದು ಹುಡುಕುವುದು ಶ್ವಾಸಕೋಶದಲ್ಲಿ ಆಗಲೇ ಕಾಣಿಸಿಕೊಂಡಿರುವ ಕ್ಷಯವನ್ನು. ಕತ್ತಿನ ಗ್ರಂಥಿ, ಬೆನ್ನುಮೂಳೆ, ಕರುಳುಗಳ ಕ್ಷಯ ಅದರಲ್ಲಿ ಕಾಣುವುದಿಲ್ಲ. ಸುಪ್ತ ಸೋಂಕಂತೂ ಕಾಣುವುದೇ ಇಲ್ಲ. ಚಿಕ್ಕಂದಿನಲ್ಲಿ ಉಸಿರಿನೊಡನೆ ಒಳಸೇರಿದ ರೋಗಾಣುವನ್ನು ದೇಹ ಹಿಡಿದಿಟ್ಟುಕೊಂಡಿರುತ್ತದೆ; ಅಂಥವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಅವರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಇವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ಆ ಸೋಂಕು ಎದ್ದು ಕಾಯಿಲೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ 1 ಕೋಟಿ 8 ಲಕ್ಷ ಜನರಿಗೆ ಹೊಸದಾಗಿ ಕ್ಷಯದ ಕಾಯಿಲೆ ಬಂತು, ಅವರಲ್ಲಿ ಶೇ. 26ರಷ್ಟು ಮಂದಿ ಭಾರತದವರು. ಅಂಥ ದೇಶದ ಬಸ್ಸು, ಶಾಲೆ, ಹಾಸ್ಟೆಲುಗಳಲ್ಲಿ ಬೆಳೆದ ನಮ್ಮಲ್ಲಿ ಅನೇಕರ ಒಳಗೆ ಈ ಸೋಂಕು ಇರುವುದರಲ್ಲಿ ಆಶ್ಚರ್ಯವೂ ಇಲ್ಲ, ಅವಮಾನವೂ ಇಲ್ಲ.

ಇಂಗ್ಲೆಂಡಿನ ಕ್ಷಯರೋಗಿಗಳಲ್ಲಿ ಸುಮಾರು ಐವರಲ್ಲಿ ನಾಲ್ವರು ಬೇರೆ ದೇಶಗಳಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ನಾಲ್ವರಲ್ಲಿ ಮೂವರು. ಈ ಅಂಕಿಗಳನ್ನು ಹಿಡಿದುಕೊಂಡು "ವಲಸಿಗರು ರೋಗ ಹೊತ್ತು ತರುತ್ತಾರೆ" ಎನ್ನುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಮಾತು ನನಗೆ ನೋವು ತರುತ್ತದೆ, ಮತ್ತು ಅದು ತಪ್ಪು ಕೂಡ. ಅಮೆರಿಕದಲ್ಲಿ ಪ್ರಕರಣಗಳ ಶೇ. 80ಕ್ಕೂ ಹೆಚ್ಚು ಪಾಲು ಹಳೆಯ ಸುಪ್ತ ಸೋಂಕು ಎದ್ದದ್ದರಿಂದ ಆದವು ಎಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಿ, ರಾತ್ರಿ ಪಾಳಿಯಲ್ಲಿ ದುಡಿದು, ಊಟದ ಹೊತ್ತಿಗೆ ಬ್ರೆಡ್ಡು ತಿಂದು ಫೀಸಿನ ಸಾಲ ತೀರಿಸುವ ಹುಡುಗನ ದೇಹ ಸೋಲುವುದು ಇಲ್ಲಿಗೆ ಬಂದ ಮೇಲೆ. ಗಡಿಯಲ್ಲಿ ಎಷ್ಟೇ ಬಿಗಿಯಾಗಿ ತಪಾಸಣೆ ಮಾಡಿದರೂ ಇದನ್ನು ತಡೆಯಲಾಗದು.

ತಡೆಯುವ ದಾರಿ ಬೇರೆಯಿದೆ. ಭಾರತದಂಥ ದೇಶಗಳಿಂದ ಕಳೆದ ಐದು ವರ್ಷಗಳಲ್ಲಿ ಬಂದ 16ರಿಂದ 35 ವಯಸ್ಸಿನವರಿಗೆ ಸುಪ್ತ ಸೋಂಕಿನ ರಕ್ತಪರೀಕ್ಷೆ ಮಾಡುವ ಕಾರ್ಯಕ್ರಮ ಇಂಗ್ಲೆಂಡಿನಲ್ಲಿ ಕ್ಷಯ ಹೆಚ್ಚಿರುವ ಪ್ರದೇಶಗಳಲ್ಲಿದೆ. ಸೋಂಕಿದ್ದರೆ ಮೂರು ತಿಂಗಳ ಮಾತ್ರೆ. ಕಾಯಿಲೆಯೇ ಆಗಿದ್ದರೂ, ವೀಸಾ ಯಾವುದೇ ಇರಲಿ, ಕ್ಷಯದ ಚಿಕಿತ್ಸೆಗೆ ಇಲ್ಲಿ ಹಣ ಕೇಳುವುದಿಲ್ಲ. ಇಷ್ಟಿದ್ದರೂ ನಮ್ಮ ಹುಡುಗರು ಪರೀಕ್ಷೆಗೆ ಕರೆಯುವ ಪತ್ರ ಬಂದರೆ ಓದಿ ಮಡಿಸಿಡುತ್ತಾರೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರುವಾಗ ಮಾಡಿದ ಪರೀಕ್ಷೆಯಲ್ಲಿ ನನಗೂ ಸುಪ್ತ ಸೋಂಕು ಇರುವುದು ಗೊತ್ತಾಯಿತು. ಮೂರು ತಿಂಗಳು ಮಾತ್ರೆ ನುಂಗಿದೆ. ಅದನ್ನು ನನ್ನ ಅಕ್ಕನಿಗೂ ಹೇಳಿರಲಿಲ್ಲ. ಇವತ್ತು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮುಚ್ಚಿಡುವ ಈ ಅಭ್ಯಾಸಕ್ಕೆ ಕಾರಣಗಳೂ ಇವೆ ಎಂದು ಬಲ್ಲೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಗಲ್ಫಿಗೆ ಹೊರಟವರನ್ನು ಕೇಳಿ ನೋಡಿ: ಮೆಡಿಕಲ್‌ನಲ್ಲಿ "ಅನ್‌ಫಿಟ್" ಎಂದು ಬಂದರೆ ಸಾಲ ಮಾಡಿ ಕಟ್ಟಿದ ಹಣವೂ ಹೋಯಿತು, ಕೆಲಸವೂ ಹೋಯಿತು. ಎಂದೋ ವಾಸಿಯಾದ ಕ್ಷಯದ ಕಲೆ ಎದೆಯ ಎಕ್ಸ್‌ರೇಯಲ್ಲಿ ಕಂಡದ್ದಕ್ಕೇ ಹೀಗಾದವರಿದ್ದಾರೆ. ಕಾಯಿಲೆಯನ್ನು ಹೇಳಿಕೊಂಡರೆ ಅನ್ನ ಹೋಗುತ್ತದೆ ಎಂಬಲ್ಲಿ ಯಾರು ತಾನೇ ವೈದ್ಯರ ಹತ್ತಿರ ಹೋಗುತ್ತಾರೆ?

ಆ ಹುಡುಗ ಆರು ತಿಂಗಳ ಚಿಕಿತ್ಸೆ ಮುಗಿಸಿದ. ಮೊದಲೆರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಎರಡು. ಮೊದಲ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ, ನರ್ಸ್ ಮೊದಲೇ ಹೇಳಿದ್ದರೂ, ಹೆದರಿ ನನಗೆ ಫೋನ್ ಮಾಡಿದ್ದ. ಜೊತೆಗಿದ್ದವರಿಗೆ ಗೊತ್ತಾಗದಿರಲೆಂದು ಮಾತ್ರೆಗಳನ್ನೆಲ್ಲ ಶೀಟಿನಿಂದ ಬಿಡಿಸಿ ಹಳೆಯ ವಿಟಮಿನ್ ಡಬ್ಬಿಯೊಂದರಲ್ಲಿ ತುಂಬಿಟ್ಟಿದ್ದ. ಅದನ್ನು ಕಂಡ ದಿನ ನನಗೆ ತಡೆಯಲಾಗದೆ, ಅಮ್ಮನಿಗೆ ಹೇಳಲೇಬೇಕೆಂದು ಕೂರಿಸಿ ಫೋನ್ ಮಾಡಿಸಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಂಗೂ ಇದೇ ಆಗಿತ್ತು ಕಣೋ. ನೀನು ಆಗ ಚಿಕ್ಕವನು, ಅವರ ಮಗ್ಗುಲಲ್ಲೇ ಮಲಗ್ತಿದ್ದೆ" ಎಂದರು. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಆಸ್ಪತ್ರೆಯವರು ಮೊದಲ ದಿನವೇ ಅವನನ್ನು ಕೇಳಿದ್ದರು. ಅವನು ತನಗೆ ತಿಳಿದಿದ್ದನ್ನೇ ನಂಬಿ, ಇಲ್ಲ ಎಂದು ಬರೆಸಿದ್ದ.