ಕೊನೆ ಹೆಸರು ಕಡ್ಡಾಯ

ಆನ್‌ಲೈನ್ ಅರ್ಜಿಯ ‘ಲಾಸ್ಟ್ ನೇಮ್’ ಕಾಲಂ ಪಕ್ಕ ಒಂದು ಕೆಂಪು ನಕ್ಷತ್ರ ಅಂಟಿಸಿದ ಪುಣ್ಯಾತ್ಮನಿಗೆ ಈ ಸಲದ ರಾಜ್ಯೋತ್ಸವ ಪ್ರಶಸ್ತಿ ಕೊಡಲೇಬೇಕು. ಹಳೇ ಮೈಸೂರು ಸೀಮೆಯ ಜನ ತಲೆತಲಾಂತರದಿಂದ ಇಲ್ಲದೆಯೇ ಆರಾಮಾಗಿ ಬದುಕಿದ್ದ ಒಂದು ವಸ್ತುವನ್ನು ಅವನು ಒಂದೇ ಚುಕ್ಕಿಯಲ್ಲಿ ಕಡ್ಡಾಯ ಮಾಡಿಬಿಟ್ಟ. ಇಂಥ ಕೆಲಸ ಯಾವ ಮಹಾರಾಜರ ಕೈಲೂ ಆಗಿರಲಿಲ್ಲ.

ಮೊನ್ನೆ ಸೈಬರ್ ಸೆಂಟರಿನಲ್ಲಿ ನನಗಿಂತ ಮುಂದೆ ಒಬ್ಬ ಹಿರಿಯರು ಕೂತಿದ್ದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಇಡೀ ವಂಶದ ಜೆರಾಕ್ಸು. ಕೀಬೋರ್ಡ್ ಮುಂದಿದ್ದ ಹುಡುಗ ಕೇಳಿದ.

“ಯಜಮಾನ್ರೇ, ಲಾಸ್ಟ್ ನೇಮ್ ಹೇಳಿ.”

“ರಂಗಪ್ಪ.”

“ಅದು ಫಸ್ಟ್ ನೇಮು. ಲಾಸ್ಟು?”

“ಇರೋದೇ ಅದೊಂದಪ್ಪ. ಫಸ್ಟೂ ಅದೇ, ಲಾಸ್ಟೂ ಅದೇ.”

ಹುಡುಗ ಪಳಗಿದವನು. ಮೊದಲು ಸುಮ್ನೆ ಒಂದು ಚುಕ್ಕಿ ಒತ್ತಿದ. ವಿಶೇಷ ಚಿಹ್ನೆಗೆ ಅವಕಾಶವಿಲ್ಲ ಅಂತು ಕಂಪ್ಯೂಟರು. ಅಡ್ಡಗೆರೆ ಒತ್ತಿದ, ಅದಕ್ಕೂ ಇಲ್ಲ. ಒಂದೇ ಒಂದು ಅಕ್ಷರ ಹಾಕಿದ, ಸಾಲದು ಅಂತು. ಕೊನೆಗೆ ರೋಸಿಹೋಗಿ ರಂಗಪ್ಪ ರಂಗಪ್ಪ ಅಂತ ಎರಡು ಸಲ ಹೊಡೆದ. ಹಸಿರು ಟಿಕ್ ಬಂತು. ಒಬ್ಬ ರಂಗಪ್ಪನನ್ನು ನಂಬೋಕೆ ಆಗಲ್ಲವಂತೆ, ಇಬ್ಬರಾದರೆ ಪರವಾಗಿಲ್ಲವಂತೆ.

ಇದು ಬರೀ ಒಂದು ಅರ್ಜಿಯ ಕಥೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಒಂದೇ ಹೆಸರಿನ ಮನುಷ್ಯ ಎಲ್ಲಿ ಕೂರಬೇಕು ಅನ್ನೋದರಲ್ಲಿ ನಮ್ಮ ದೊಡ್ಡವರಿಗೇ ಒಮ್ಮತವಿಲ್ಲ. ಪ್ಯಾನ್ ಕಾರ್ಡಿನವರು ಹೇಳುತ್ತಾರೆ, ಇರೋದು ಒಂದೇ ಹೆಸರಾದರೆ ಅದನ್ನು ಕೊನೆ ಹೆಸರಿನ ಕಾಲಂನಲ್ಲಿ ಬರೆಯಿರಿ. ಪ್ಯಾನ್ ನಂಬರಿನ ಐದನೇ ಅಕ್ಷರ ಅಡ್ಡಹೆಸರಿನ, ಅಂದರೆ ಕೊನೆ ಹೆಸರಿನ, ಮೊದಲಕ್ಷರ ಆಗಿರಬೇಕು ಅನ್ನೋದು ಅವರ ಪದ್ಧತಿ. ಹೆಸರಿಲ್ಲದಿದ್ದರೂ ಅಕ್ಷರ ಬೇಕು. ಪಾಸ್‌ಪೋರ್ಟಿನವರು ಹೇಳುತ್ತಾರೆ, ಅದೆಲ್ಲ ಬೇಡ, ಇಟ್ಟ ಹೆಸರಿನ ಕಾಲಂನಲ್ಲಿ ಬರೆಯಿರಿ, ಅಡ್ಡಹೆಸರು ಖಾಲಿ ಬಿಡಿ. ಸರಿ ಅಂತ ಬಿಟ್ಟು ಅಮೆರಿಕದ ವೀಸಾಗೆ ಹೋದರೆ ಅವರು ಆ ಒಂದೇ ಹೆಸರನ್ನು ಎತ್ತಿ ಅಡ್ಡಹೆಸರಿನ ಜಾಗದಲ್ಲಿ ಕೂರಿಸಿ, ಖಾಲಿಯಾದ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಮುದ್ರೆ ಒತ್ತುತ್ತಾರೆ. ಅಂದರೆ ಫಸ್ಟ್ ನೇಮ್ ಅನ್‌ನೋನ್. ಅಪ್ಪ ಅಮ್ಮ ಹನ್ನೊಂದನೇ ದಿನ ತೊಟ್ಟಿಲು ಕಟ್ಟಿ, ಕಿವಿಯಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು ಅಲ್ಲಿ ‘ಯಾರಿಗೂ ತಿಳಿಯದ್ದು’.

ಆ ಮುದ್ರೆಯನ್ನೇ ಅಲ್ಲಿನ ಡ್ರೈವಿಂಗ್ ಲೈಸೆನ್ಸಿಗೂ ಇಳಿಸಿಕೊಂಡು ಬದುಕುವ ನಮ್ಮವರಿದ್ದಾರೆ. ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ‘ಫ್ನು’ ಅಂತ ಬರೆದು ಕೂಗಿದರೆ ಒಬ್ಬ ತಮಿಳ, ಒಬ್ಬ ಕನ್ನಡಿಗ, ಒಬ್ಬ ಇಂಡೋನೇಷ್ಯಾದವ ಒಟ್ಟಿಗೇ ಎದ್ದು ಬಂದರೆ ಆಶ್ಚರ್ಯವಿಲ್ಲ. ಅಪರೂಪದ ಹೆಸರುಗಳ ಮೂಲ ಹುಡುಕುವ ವಿದ್ವಾಂಸರು ಮುಂದೊಂದು ದಿನ ಈ ಫ್ನು ವಂಶದ ಮೂಲಪುರುಷನನ್ನು ಹುಡುಕಿಕೊಂಡು ಚೆನ್ನೈನ ದೂತಾವಾಸದ ಕಿಟಕಿವರೆಗೂ ಬರಬಹುದು.

ದುಬೈ ಕಥೆ ನಿಮಗೆ ನೆನಪಿರಬೇಕು. 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಕ್ಕೆ ಒಳಗೆ ಬಿಡಲ್ಲ ಅಂದುಬಿಟ್ಟರು ಯುಎಇಯವರು. ಟಿಕೆಟ್ ತೆಗೆದವರು ಕಂಗಾಲು. ಆಮೇಲೆ, ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತೆ ಅಂತ ಸ್ಪಷ್ಟನೆ ಬಂತು. ಈ ಬುದ್ಧಿ ಮೊದಲೇ ಇದ್ದಿದ್ದರೆ ಏನಾಗ್ತಿತ್ತು, ಅಲ್ವಾ?

ಇದರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆಯದು. ಮಂಡ್ಯದ ಕಡೆಯ ಯಾವುದಾದರೂ ಹಳೇ ಪಹಣಿ ತೆಗೆದು ನೋಡಿ. ‘ಚಿಕ್ಕೇಗೌಡ ಬಿನ್ ದೊಡ್ಡೇಗೌಡ’ ಅಂತಿರುತ್ತದೆ. ಹೆಂಡತಿಯಾದರೆ ‘ಕೋಂ’. ಆ ‘ಬಿನ್’ ಅಪ್ಪಟ ಅರಬ್ಬೀ. ದುಬೈ ದೊರೆ ಮೊಹಮ್ಮದ್ ಬಿನ್ ರಶೀದ್, ಮದ್ದೂರಿನ ರೈತ ಚಿಕ್ಕೇಗೌಡ ಬಿನ್ ದೊಡ್ಡೇಗೌಡ. ಹೆಸರು ಬರೆಯುವ ರೀತಿಯಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಚಿಕ್ಕೇಗೌಡರು ಪಾಸ್‌ಪೋರ್ಟ್ ಬಿಟ್ಟು ಪಹಣಿ ಹಿಡಿದುಕೊಂಡು ಹೋಗಿದ್ದರೆ ವಿಮಾನ ನಿಲ್ದಾಣದಲ್ಲಿ ಖರ್ಜೂರ ಕೊಟ್ಟು ಬರಮಾಡಿಕೊಳ್ಳುತ್ತಿದ್ದರೇನೋ.

ಇನ್ನು ಇನಿಶಿಯಲ್ ಇರುವವರ ಪಾಡು. ಊರು, ಅಪ್ಪ, ಆಮೇಲೆ ತಾನು, ಇದು ನಮ್ಮ ಕ್ರಮ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಎಷ್ಟು ಚೆನ್ನಾಗಿದೆ ನೋಡಿ. ಮೊದಲು ವಿಳಾಸ, ಆಮೇಲೆ ಜಾಮೀನು, ಕೊನೆಗೆ ಮನುಷ್ಯ. ಆನ್‌ಲೈನ್ ಅರ್ಜಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ವಿಶ್ವೇಶ್ವರಯ್ಯನವರು ಇವತ್ತು ವಿಮಾನದ ಟಿಕೆಟ್ ಮಾಡಿಸಿದ್ದರೆ ಗಗನಸಖಿ ಬಂದು ‘ಮಿಸ್ಟರ್ ಮೋಕ್ಷಗುಂಡಂ, ವೆಜ್ಜಾ ನಾನ್‌ವೆಜ್ಜಾ’ ಅಂತ ಕೇಳುತ್ತಿದ್ದಳು.

ಊರು ಹೆಸರಿನ ಮುಂದೆ ಬಂದರೆ ಇನಿಶಿಯಲ್, ಹಿಂದೆ ಹೋದರೆ ಅಡ್ಡಹೆಸರು. ಅನಿಲ್ ಕುಂಬ್ಳೆಯವರ ಹೆಸರಿನ ಕುಂಬಳೆ ಕಾಸರಗೋಡಿನ ಊರು. ಶ್ರೀನಾಥರ ಜಾವಗಲ್ ಹಾಸನ ಜಿಲ್ಲೆಯದು. ಒಂದು ಹಿಂದೆ, ಒಂದು ಮುಂದೆ. 1999ರ ಫೆಬ್ರವರಿಯಲ್ಲಿ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸಿನ ಹತ್ತೂ ವಿಕೆಟ್ಟನ್ನು ಸ್ಕೋರ್‌ಬೋರ್ಡು ಕುಂಬಳೆ ಎಂಬ ಊರಿನ ಲೆಕ್ಕಕ್ಕೇ ಬರೆದುಕೊಂಡಿತು. ಆ ಹತ್ತನೆಯದು ಗೆಳೆಯನಿಗೇ ಸಿಗಲಿ ಅಂತ ಇನ್ನೊಂದು ತುದಿಯಿಂದ ವೈಡ್ ಎಸೆದ ಶ್ರೀನಾಥರ ಜಾವಗಲ್ ಒಂದು ‘ಜೆ’ ಆಗಿ ಮೂಲೆಯಲ್ಲಿ ಕೂತಿತ್ತು. ಹೊಯ್ಸಳರ ಅಷ್ಟು ಚೆಂದದ ದೇವಸ್ಥಾನ ಇಟ್ಟುಕೊಂಡ ಊರು ಪಾಪ.

ಇನಿಶಿಯಲ್ ಬಿಡಿಸಿ ಅಮೆರಿಕಕ್ಕೆ ಹೋದವರ ಮನೆಯಲ್ಲಿ ಇನ್ನೊಂದು ಚಮತ್ಕಾರ ನಡೆಯುತ್ತದೆ. ಒಬ್ಬ ಇಲ್ಲಿಂದ ಹೋಗುವಾಗ ಅಪ್ಪನ ಹೆಸರನ್ನೇ ಕೊನೆ ಹೆಸರು ಅಂತ ಬರೆಸಿಕೊಂಡು ಹೋದ ಅನ್ನಿ. ತಿಮ್ಮಪ್ಪ. ಮದುವೆಯಾದ ಮೇಲೆ ಹೆಂಡತಿ ಮಿಸೆಸ್ ತಿಮ್ಮಪ್ಪ. ಕರೆದರೆ ಆಕೆಗೆ ನಗು, ಯಾಕಂದರೆ ತಿಮ್ಮಪ್ಪ ಅಂದರೆ ಊರಲ್ಲಿರುವ ಮಾವ. ಮಕ್ಕಳ ಕೊನೆ ಹೆಸರೂ ತಿಮ್ಮಪ್ಪ. ಶಾಲೆಯಲ್ಲಿ ಟೀಚರ್ ‘ಲಿಟಲ್ ತಿಮ್ಮಪ್ಪಾಸ್’ ಅನ್ನುತ್ತಾಳೆ. ಶಿರಾ ದಾಟಿ ಹೆಚ್ಚು ದೂರ ಹೋಗದ ಮನುಷ್ಯ ಜಗಲಿ ಮೇಲೆ ಬೀಡಿ ಹಚ್ಚಿಕೊಂಡು ಕೂತಿರುವಾಗಲೇ ನ್ಯೂಜೆರ್ಸಿಯಲ್ಲಿ ಒಂದು ವಂಶದ ಹೆಸರಾಗಿಬಿಟ್ಟಿದ್ದಾನೆ. ಸೂಪರ್ ಮಾರ್ಕೆಟ್ಟಿನ ಡಿಸ್ಕೌಂಟ್ ಕಾರ್ಡೂ ಅವನ ಹೆಸರಲ್ಲೇ.

ಆ ಮೊಮ್ಮಕ್ಕಳು ಮುಂದೆ ದೊಡ್ಡವರಾಗಿ ಇಂಟರ್‌ನೆಟ್ಟಿನಲ್ಲಿ ‘ನಿಮ್ಮ ಅಡ್ಡಹೆಸರಿನ ಗುಟ್ಟು ತಿಳಿಯಿರಿ’ ಅನ್ನುವ ಗುಂಡಿ ಒತ್ತುತ್ತಾರಲ್ಲ, ಆಗಿನದು ನೋಡಬೇಕು. ನೀವೂ ಒತ್ತಿರುತ್ತೀರಿ, ನಾಚಿಕೆ ಬೇಡ. ಯಾವ ಹೆಸರು ಹಾಕಿದರೂ ಬರೋದು ಒಂದೇ. ಧೈರ್ಯವಂತರು, ನಾಯಕತ್ವದ ಗುಣ, ರಾಜಮನೆತನದ ನಂಟು, ಜಗತ್ತಿನಲ್ಲೇ ಅಪರೂಪ. ಜೊತೆಗೆ ಸಿಂಹ, ಗುರಾಣಿ, ಎರಡು ಕತ್ತಿ ಇರುವ ಒಂದು ಲಾಂಛನ, ಚೌಕಟ್ಟು ಬೇಕಾದರೆ ದುಡ್ಡು ಬೇರೆ. ನಾವೆಲ್ಲ ರಾಜರೇ ಆಗಿದ್ದರೆ ಹೊಲ ಉತ್ತವರು ಯಾರು ಅಂತ ಆ ಗುಂಡಿಯನ್ನು ಕೇಳಬೇಕು.

ಈಗ ನಿಜವಾಗಿ ಅಪರೂಪದ ಹೆಸರು ಬೇಕಿದ್ದರೆ ಬಡಗಣಕ್ಕೆ ಹೋಗಿ. ಧಾರವಾಡ, ಹಾವೇರಿ, ಬಾಗಲಕೋಟೆಗೆ. ಅಲ್ಲಿ ಅಡ್ಡಹೆಸರಿಗೆ ಬರವೇ ಇಲ್ಲ. ಬೆಲ್ಲದ, ತುಪ್ಪದ, ಅಕ್ಕಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಮದುವೆ ಕರೆಯೋಲೆ ಓದಿದರೆ ಹಸಿವಾಗುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಮೆಣಸಿನಕಾಯಿಯವರು ಬಂದರೆ ಮೊದಲ ವಾರ ಎಲ್ಲರೂ ಖಾರದ ಜೋಕು ಹೊಡೆಯುತ್ತಾರೆ. ಅವರು ಅದನ್ನು ಒಂದನೇ ಕ್ಲಾಸಿನಿಂದ ಕೇಳಿಕೊಂಡು ಬಂದಿರುತ್ತಾರೆ. ಆದರೂ ಮರ್ಯಾದೆಗೆ ನಗುತ್ತಾರೆ.

ಆ ಹೆಸರನ್ನು ಗುಂಡಿ ಒತ್ತುವ ಜಾಲತಾಣಕ್ಕೆ ಹಾಕಿದರೆ ಅದು ಚಾಲುಕ್ಯರ ದಂಡನಾಯಕನನ್ನು ತಂದು ನಿಲ್ಲಿಸಿದರೂ ನಿಲ್ಲಿಸೀತು. ಆದರೆ ಮೆಣಸಿನಕಾಯಿ ಈ ನೆಲದ ಬೆಳೆಯೇ ಅಲ್ಲ. ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, ಅವರ ವ್ಯಾಪಾರದ ಜೊತೆ ಈ ಕೆಂಪು ಕಾಯಿ ಬಂತು. ಅದಕ್ಕೂ ಮುಂಚೆ ನಮ್ಮವರ ಖಾರ ಹೆಚ್ಚಾಗಿ ಕಾಳುಮೆಣಸಿನದು. ಆ ದಂಡನಾಯಕ ಊಟಕ್ಕೆ ಕೂತರೆ ಎಲೆ ಮೇಲೆ ಅವನ ಹೆಸರಿನ ಪದಾರ್ಥವೇ ಇರುತ್ತಿರಲಿಲ್ಲ. ಯಾರೋ ಅಜ್ಜ ಚೀಲ ಹೇರಿಕೊಂಡು ಸಂತೆಗೆ ಹೋದ, ಕಾಯಿ ಮಾರಿದ, ಜನ ‘ಮೆಣಸಿನಕಾಯಿಯವ’ ಅಂದರು, ಇಷ್ಟೇ ಇರಬೇಕು. ಬೆವರು ಸುರಿಸಿ ಗಳಿಸಿದ ಹೆಸರಿಗೆ ಸಿಂಹದ ಲಾಂಛನ ಯಾಕೆ? ಬ್ಯಾಡಗಿ ಕಾಯಿಯ ಚಿತ್ರ ಹಾಕಿ, ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯಾದರೂ ಇದೆ.

ಹುದ್ದೆಯಿಂದ ಬಂದ ಹೆಸರುಗಳದ್ದು ಇನ್ನೊಂದು ಮಜಾ. ಊರಿನ ಲೆಕ್ಕ ಬರೆದವ ಕುಲಕರ್ಣಿ, ಊರಿನ ಯಜಮಾನಿಕೆ ನೋಡಿದವ ಪಾಟೀಲ. ಅದರಲ್ಲೂ ಕಂದಾಯಕ್ಕೊಬ್ಬ ಮಾಲಿಪಾಟೀಲ, ಕಾವಲಿಗೊಬ್ಬ ಪೊಲೀಸ್‌ಪಾಟೀಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ಹುಡುಗ ಹೆಸರು ಕೇಳಿದಾಗ ‘ಪೊಲೀಸ್‌ಪಾಟೀಲ’ ಅಂದರೆ, ಎದುರಿನವರು ಕ್ಷಣ ಹೊತ್ತು ‘ಯಾವ ಸ್ಟೇಷನ್ನು’ ಅಂತ ಕೇಳದೇ ಇರುತ್ತಾರೆಯೇ? ದಂಡ ಮಾತ್ರ ಬಿಡಲ್ಲ.

ಮನೆತನದ ಹೆಸರನ್ನು ಸರಿಯಾಗಿ ಉಪಯೋಗಿಸಿಕೊಂಡವರು ಅಂದರೆ ಕೊಡವರೇ. ಅಲ್ಲಿ ಒಂದೊಂದು ಒಕ್ಕಕ್ಕೆ ಒಂದೊಂದು ಹೆಸರು. ಕಾರ್ಯಪ್ಪನವರದ್ದು ಕೊಡಂದೇರ, ತಿಮ್ಮಯ್ಯನವರದ್ದೂ ಕೊಡಂದೇರ. ಒಂದೇ ಮನೆ ಹೆಸರಿನಿಂದ ಇಬ್ಬರು ಸೇನಾ ಮುಖ್ಯಸ್ಥರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕಕ್ಕೊಂದು ತಂಡದಂತೆ ಹಾಕಿ ಟೂರ್ನಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆಯವರು ನಡೆಸಿದಾಗ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಅಡ್ಡಹೆಸರು ಕಡ್ಡಾಯ ಅನ್ನುವುದಾದರೆ ಹೀಗಿರಬೇಕು. ಹೆಸರು ಹೇಳಿದರೆ ಕೈಗೊಂದು ಸ್ಟಿಕ್ ಸಿಗಬೇಕು.

ನಮಗೆ ಏನು ಸಿಗುತ್ತದೆ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋಗಿ. “ಹೆಸರೇನು?” ಹೇಳುತ್ತೀರಿ. “ಅಲ್ಲ, ಪೂರ್ತಿ ಹೆಸರು?” ಅದನ್ನೂ ಹೇಳುತ್ತೀರಿ. “ಪಾಟೀಲ ಅಂದ್ರೆ... ಯಾವ ಪಾಟೀಲರು?” ಪಾಟೀಲ ಅನ್ನೋದು ಲಿಂಗಾಯತರಲ್ಲಿದೆ, ಮರಾಠರಲ್ಲಿದೆ, ಜೈನರಲ್ಲಿದೆ, ಮುಸ್ಲಿಮರಲ್ಲಿದೆ. ಮನೆ ಮಾಲೀಕರಿಗೆ ನಿಮ್ಮ ವಂಶದ ಮೂಲದ ಬಗ್ಗೆ ಇದ್ದಕ್ಕಿದ್ದಂತೆ ಸಂಶೋಧನೆಯ ಆಸಕ್ತಿ ಹುಟ್ಟುವುದು ಯಾಕೆ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. ಉತ್ತರ ಹಿಡಿಸದಿದ್ದರೆ ‘ನಿನ್ನೆ ತಾನೇ ಅಡ್ವಾನ್ಸ್ ತಗೊಂಡ್ವಿ’. ಬೋರ್ಡು ಮಾತ್ರ ಇನ್ನೊಂದು ತಿಂಗಳು ಗೇಟಿಗೆ ನೇತಾಡುತ್ತಿರುತ್ತದೆ.

ಎಷ್ಟೋ ಮಕ್ಕಳಿಗೆ ಅಡ್ಡಹೆಸರು ಕೊಟ್ಟದ್ದು ಅಪ್ಪ ಅಮ್ಮ ಅಲ್ಲ, ಶಾಲೆಗೆ ಸೇರಿಸುವಾಗ ರಿಜಿಸ್ಟರ್ ಬರೆದ ಮೇಷ್ಟ್ರು. ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಜೂನ್ 1 ಅಂತ ಬರೆದರು. ಅರ್ಧ ಕರ್ನಾಟಕ ಒಂದೇ ದಿನ ಹುಟ್ಟಿತು, ಅದು ತಮಾಷೆ. ಅಡ್ಡಹೆಸರಿಲ್ಲ ಅಂದಾಗ ಕೇರಿ ಯಾವುದು ಅಂತ ಕೇಳಿ ಜಾತಿಯನ್ನೇ ಹೆಸರಿನ ಬಾಲಕ್ಕೆ ಕಟ್ಟಿದರಲ್ಲ, ಅದು ತಮಾಷೆ ಅಲ್ಲ. ಆ ಹೆಸರನ್ನು ಹೊತ್ತು ಹಾಸ್ಟೆಲ್ಲಿಗೆ ಹೋದವರು, ಇಂಟರ್‌ವ್ಯೂಗೆ ಹೋದವರು, ಹಾಜರಿ ಕೂಗುವಾಗ ತಲೆ ತಗ್ಗಿಸಿ ‘ಎಸ್ ಸರ್’ ಅಂದವರು ಇನ್ನೂ ಬದುಕಿದ್ದಾರೆ. ಕೆಲವರು ಬೇಕಂತಲೇ ಅದನ್ನು ಕಿತ್ತು ಬಿಸಾಡಿ ಒಂದೇ ಹೆಸರಲ್ಲಿ ನಿಂತರು. ಈಗ ಅವರ ಮುಂದೆಯೂ ಅದೇ ಕೆಂಪು ನಕ್ಷತ್ರ. ಕೊನೆ ಹೆಸರಿಲ್ಲದೆ ಮುಂದಕ್ಕೆ ಹೋಗುವಂತಿಲ್ಲ. ಸಾಕಪ್ಪ ಸಾಕು.

ಆ ನಕ್ಷತ್ರ ತೆಗೆಯೋಕೆ ಒಬ್ಬ ಎಂಜಿನಿಯರು ಒಂದು ಮಧ್ಯಾಹ್ನ ಕೂತರೆ ಆಯಿತು. ಅದನ್ನು ಮಾಡೋರಿಲ್ಲ. ಬದಲಿಗೆ ರಂಗಪ್ಪ ಬೇರೆ, ರಂಗಪ್ಪ ರಂಗಪ್ಪ ಬೇರೆ ಅಂತ ಬ್ಯಾಂಕಿನವರು ಅರ್ಜಿ ವಾಪಸ್ ಕಳಿಸುತ್ತಾರೆ. ಆಧಾರ್ ಜೊತೆ ಪ್ಯಾನ್ ಜೋಡಿಸೋಕೆ ಹೋಗಿ ಹೆಸರು ತಾಳೆಯಾಗದೆ, ಗಡುವು ತಪ್ಪಿ, 1000 ರೂಪಾಯಿ ದಂಡ ಕಟ್ಟಿದವರು ಎಷ್ಟು ಜನ! ಆಮೇಲೆ ಛಾಪಾ ಕಾಗದ ತರಬೇಕು. ಈ ಇಬ್ಬರೂ ನಾನೊಬ್ಬನೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಬೇಕು. ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿಸಬೇಕು. ಜಾಹೀರಾತಿಗೆ ಇಷ್ಟಿಷ್ಟು ಪದಕ್ಕೆ ಇಷ್ಟಿಷ್ಟು ದುಡ್ಡು, ಹೆಸರನ್ನು ಎರಡೆರಡು ಸಲ ಬರೆದರೆ ಪದವೂ ಜಾಸ್ತಿ, ಬಿಲ್ಲೂ ಜಾಸ್ತಿ.