ಮುಚ್ಚಳ ತೆಗೀಬೇಡ ಮಾರಾಯ

ರೋಲ್ ನಂಬರ್ ನೋಡಿ ಲ್ಯಾಬ್‌ನಲ್ಲಿ ಜೋಡಿ ಮಾಡುವ ಪದ್ಧತಿ ಯಾರು ತಂದರೋ ಗೊತ್ತಿಲ್ಲ. ಕೈಗೆ ಸಿಕ್ಕರೆ ನನ್ನ ಜೊತೆಗಾರನನ್ನು ಅವರಿಗೇ ಒಪ್ಪಿಸಿಬಿಡುತ್ತೇನೆ.

ಇವತ್ತು ಕೆಮಿಸ್ಟ್ರಿಯಲ್ಲಿ ಪೇಪರ್ ಕ್ರೊಮಾಟೊಗ್ರಫಿ, ಅಂದರೆ ಶಾಯಿಯೊಳಗಿನ ಬಣ್ಣಗಳನ್ನು ಕಾಗದದ ಮೇಲೆ ಬೇರೆ ಬೇರೆ ಮಾಡೋದು. ಇಷ್ಟು ಸುಲಭದ ಪ್ರಯೋಗ ಇಡೀ ರೆಕಾರ್ಡ್ ಬುಕ್ಕಿನಲ್ಲೇ ಇಲ್ಲ. ಫಿಲ್ಟರ್ ಪೇಪರಿನ ಪಟ್ಟಿಯಲ್ಲಿ ಕೆಳಗಿನಿಂದ 2 ಸೆಂಟಿಮೀಟರ್ ಬಿಟ್ಟು ಪೆನ್ಸಿಲ್ ಗೆರೆ. ಅದರ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಸಣ್ಣ ಚುಕ್ಕೆ. ಜಾರ್‌ನಲ್ಲಿ ಚುಕ್ಕೆಗೆ ತಾಗದಷ್ಟು ನೀರು. ಪಟ್ಟಿ ಇಳಿಬಿಟ್ಟು, ಮುಚ್ಚಳ ಹಾಕಿ, ಸುಮ್ನೆ ಕೂರಬೇಕು. ನೀರು ತಾನಾಗಿಯೇ ಏರುತ್ತದೆ. ನೀರನ್ನು ಹೆಚ್ಚು ಇಷ್ಟಪಡುವ ಬಣ್ಣ ಅದರ ಜೊತೆ ಓಡುತ್ತದೆ, ಕಾಗದಕ್ಕೆ ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯುತ್ತದೆ. ನಮಗೆ ಕೆಲಸವೇ ಇಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿ.

ನನ್ನ ಜೊತೆಗಾರನಿಗೆ ಸುಮ್ನೆ ಕೂರುವುದು ಸಿಲಬಸ್‌ನಲ್ಲಿಲ್ಲ. ಮುಚ್ಚಳ ಹಾಕಿದ್ದೇ ತಡ, "ಏರ್ತಿದೆಯಾ ನೋಡೋಣ" ಅಂತ ತೆಗೆದ. ಜಾರ್ ಗಾಜಿನದು, ಹೊರಗಿಂದಲೇ ಎಲ್ಲಾ ಕಾಣುತ್ತದೆ. ಆದರೂ ಅವನಿಗೆ ಮೇಲಿಂದ ಬಗ್ಗಿ ನೋಡಿದರೇ ಸಮಾಧಾನ. "ಒಳಗೆ ಆವಿ ತುಂಬಿರಬೇಕು ಕಣೋ, ಇಲ್ಲಾಂದ್ರೆ ಕಾಗದ ಒಣಗುತ್ತೆ" ಎಂದೆ. "ಹೌದಾ?" ಅಂದ. ಆವಿ ತುಂಬಿದೆಯಾ ಅಂತ ನೋಡೋಕೆ ಮತ್ತೆ ತೆಗೆದ.

ಆಮೇಲೆ ಪಟ್ಟಿ ವಾಲಿದೆ ಅನ್ನಿಸಿತಂತೆ. ಸ್ಕೇಲ್‌ನಿಂದ ತಿವಿದ. ಮುಂಚೆ ವಾಲಿರಲಿಲ್ಲ, ತಿವಿದ ಮೇಲೆ ವಾಲಿತು. ಒಂದು ಅಂಚು ಗಾಜಿಗೆ ಅಂಟಿಕೊಂಡು ನೀರು ಓರೆಯಾಗಿ ಏರತೊಡಗಿತು. ಮೇಲೆ ಹೋದಷ್ಟೂ ನೀರು ನಿಧಾನವಾಗುತ್ತದೆ, ಅದರ ಸ್ವಭಾವವೇ ಅದು. ಇವನಿಗೆ ಮಾತ್ರ ಜಾರ್ ಕೆಟ್ಟುಹೋಗಿದೆ ಎಂಬ ಅನುಮಾನ. ಮುಚ್ಚಳದ ಮೇಲೆ ನನ್ನ ಟೆಕ್ಸ್ಟ್ ಬುಕ್ ಇಟ್ಟೆ. ಬುಕ್ ಎತ್ತಿ ಒಂದು ಪುಟ ಓದಿದ ಹಾಗೆ ನಟಿಸಿ ಮುಚ್ಚಳ ತೆಗೆದ.

ಪಕ್ಕದ ಟೇಬಲ್‌ನವರು ಇಂಕ್ ಪೆನ್ನಿನಲ್ಲೇ ಗೆರೆ ಎಳೆದಿದ್ದರು. ಅವರ ಗೆರೆಯೇ ಮೆರವಣಿಗೆ ಹೊರಟಿತ್ತು. ಆ ಕಥೆ ಬಿಡಿ.

ಇಷ್ಟೆಲ್ಲ ಕಾಟದ ನಡುವೆಯೂ ಕಪ್ಪು ಒಡೆಯಿತು ನೋಡಿ. ಒಳಗಿಂದ ಹಳದಿ ಬಂತು, ಗುಲಾಬಿ ಬಂತು, ಎಲ್ಲಕ್ಕಿಂತ ಮುಂದೆ ನೀಲಿ. ಚಿಕ್ಕಂದಿನಿಂದ ಇದೇ ಪೆನ್ನಿನಲ್ಲಿ ಚಿತ್ರದ ರಾಕ್ಷಸರಿಗೆಲ್ಲ ಮೀಸೆ ಬರೆದಿದ್ದೇನೆ. ಅಷ್ಟು ಬಣ್ಣ ಅದರೊಳಗೆ ಇತ್ತು ಅಂತ ಯಾರೂ ಹೇಳಿರಲಿಲ್ಲ. ಆಗ ಮಾತ್ರ ಇವನೂ ಮುಚ್ಚಳ ಮರೆತು ನಿಂತ.

ಮುಂದಿನ ಗಳಿಗೆಯಲ್ಲೇ ಪಟ್ಟಿ ಕಿತ್ತುಕೊಂಡು ಇಡೀ ಲ್ಯಾಬಿಗೆ ತೋರಿಸಲು ಓಡಿದ. ನೀರು ಎಲ್ಲಿವರೆಗೆ ಏರಿದೆ ಅಂತ ತೆಗೆದ ಕೂಡಲೇ ಪೆನ್ಸಿಲ್ ಗುರುತು ಹಾಕಬೇಕಲ್ವಾ? ಬಾವುಟದ ಹಾಗೆ ಬೀಸುತ್ತಾ ವಾಪಸ್ ಬರುವಷ್ಟರಲ್ಲಿ ಪಟ್ಟಿ ಒಣಗಿತ್ತು. "ಇಲ್ಲೇ ಇತ್ತು" ಅಂತ 6 ಸೆಂಟಿಮೀಟರಿಗೆ ಧೈರ್ಯವಾಗಿ ಗೆರೆ ಎಳೆದ. ನೀಲಿ ಕೂತಿದ್ದು 7.2ರಲ್ಲಿ. ಬಣ್ಣ ಹೋದ ದೂರವನ್ನು ನೀರು ಹೋದ ದೂರದಿಂದ ಭಾಗಿಸಿದರೆ ಆರ್‌ಎಫ್ ಬೆಲೆ. ಅದು ಯಾವತ್ತೂ 1 ದಾಟುವಂತಿಲ್ಲ. ನಮ್ಮದು 1.2.

ಮೇಡಂ ಕನ್ನಡಕ ಸರಿಮಾಡಿಕೊಂಡು, "ನೀರೇ ಇನ್ನೂ ಬಂದಿಲ್ಲ, ಬಣ್ಣ ಆಗಲೇ ತಲುಪಿಬಿಡ್ತಾ?" ಎಂದರು. ಇವನು ತಣ್ಣಗೆ, "ನೀಲಿ ಸ್ವಲ್ಪ ಫಾಸ್ಟ್ ಮೇಡಂ" ಅಂದ. ಕೆಂಪು ಇಂಕಿನ ಅಡ್ಡಗೆರೆ ಇಬ್ಬರ ರೆಕಾರ್ಡಿಗೂ ಬಿತ್ತು.

ನಮ್ಮ ಈ ಪ್ರಯೋಗದ ಹಿಂದಿರುವ ಪಾರ್ಟಿಷನ್ ಕ್ರೊಮಾಟೊಗ್ರಫಿ ಎಂಬ ವಿಧಾನ ಕಂಡುಹಿಡಿದಿದ್ದಕ್ಕೆ 1952ರಲ್ಲಿ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ನೊಬೆಲ್ ಬಂತಂತೆ. ಅವರೂ ಜೋಡಿಯೇ. ಆದರೆ ಅವರನ್ನು ರೋಲ್ ನಂಬರ್ ನೋಡಿ ಯಾರೂ ಕೂರಿಸಿರಲಿಲ್ಲ.

ಮುಂದಿನ ವಾರ ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಡುವ ಪ್ರಯೋಗ. ಕೊನೆಗೆ ಹನಿ ಹನಿಯಾಗಿಯೇ ಬಿಡಬೇಕು, ಒಂದು ಹನಿ ಜಾಸ್ತಿಯಾದರೂ ಎಲ್ಲ ಮೊದಲಿಂದ. ದ್ರಾವಣ ಬಿಡುವ ಗಾಜಿನ ಕೊಳವೆ, ಬ್ಯೂರೆಟ್ಟಿನ ತಿರುಪು ತಾನೇ ಹಿಡೀತೀನಿ ಅಂತ ಈಗಲೇ ಹೇಳಿಟ್ಟಿದ್ದಾನೆ.